ಲುಟ್ಸಾ ದಿನದ ಹಲಗೆಗಳು

ಎತೆಲ್ಕಾ ಒಲೆಯ ಗೂಡಿನಿಂದ ತಗಡಿನ ತಟ್ಟೆಯನ್ನು ಹೊರಗೆಳೆಯುವ ಮೊದಲೇ ವಾಸನೆ ಬಂತು. ಸುಟ್ಟ ಗರಿಯ ವಾಸನೆ. ಅವಳ ಕೈ ಅಲ್ಲಿಯೇ ನಿಂತಿತು. ಬಟ್ಟೆಯ ಮೂಲಕ ತಟ್ಟೆಯ ಬಿಸಿ ಬೆರಳಿಗೆ ತಾಗುವವರೆಗೂ ಅವಳು ಹಾಗೆಯೇ ಬಗ್ಗಿ ನಿಂತಿದ್ದಳು.

ತಟ್ಟೆಯಲ್ಲಿ ನಾಲ್ಕು ಪೊಗಾಚಾ ಇದ್ದವು. ಹಂದಿಕೊಬ್ಬು ಹಾಕಿ ಕಲಸಿದ, ಮುಷ್ಟಿ ಗಾತ್ರದ ದುಂಡು ರೊಟ್ಟಿಗಳು. ಡಿಸೆಂಬರ್ ನಡುವೆ ಬರುವ ಲುಟ್ಸಾ ಸಂತಳ ಹಬ್ಬದ ದಿನ ನಮ್ಮೂರಿನ ಮನೆಮನೆಯಲ್ಲೂ ತಲೆಗೊಂದರಂತೆ ಇವನ್ನು ಸುಟ್ಟು, ಒಂದೊಂದರ ನೆತ್ತಿಗೂ ಒಂದು ಹೆಬ್ಬಾತಿನ ಗರಿ ಸಿಕ್ಕಿಸುತ್ತಾರೆ. ಯಾರ ಗರಿ ಸುಡುತ್ತದೋ ಅವರು ಮುಂದಿನ ಲುಟ್ಸಾ ನೋಡುವುದಿಲ್ಲವಂತೆ. ಇದನ್ನು ಎಲ್ಲರೂ ನಗುತ್ತಲೇ ಹೇಳುತ್ತಾರೆ. ಆದರೆ ತಟ್ಟೆ ಹೊರಗೆ ಬರುವ ಹೊತ್ತಿಗೆ ಯಾರೂ ನಗುತ್ತಿರುವುದಿಲ್ಲ.

ಅತ್ತೆಯ ಗರಿ ನೆಟ್ಟಗಿತ್ತು. ಐದು ವರ್ಷದ ಮಗಳು ವೆರೊನ್ಕಾಳದ್ದೂ ತನ್ನದೂ ಅದರಂತೆಯೇ ಶಾಖಕ್ಕೆ ತುಸು ಹಳದಿಯಾಗಿದ್ದವು, ಅಷ್ಟೆ. ಮೂಲೆಯದು ಮಾತ್ರ ಕಪ್ಪಗೆ ಸುರುಟಿ ಬರೀ ಕಡ್ಡಿ ಉಳಿದಿತ್ತು. ಅದು ಗಂಡ ಗಾಶ್ಪಾರ್‌ನದು.

ಗಾಶ್ಪಾರ್ ಬಾವಿ ತೋಡುವವನು. ಆ ದಿನವೇ, ಇನ್ನು ಸ್ವಲ್ಪ ಹೊತ್ತಿಗೆ, ಜೊತೆಗಾರ ಬೆನೆದೆಕ್ ಬಂದು ಅವನನ್ನು ಕರೆದೊಯ್ಯುವವನಿದ್ದ. ಊರಾಚೆ ಅಂಬ್ರುಶ್‌ನ ಹೊಲಮನೆಯ ಹಳೆ ಬಾವಿಯ ತಳದಲ್ಲಿ ಇಟ್ಟಿಗೆ ಸಡಿಲಾಗಿತ್ತು. ಹಿಂದಿನ ದಿನವೇ ಅದರ ಬಾಯಿಗೆ ಹಗ್ಗ ಸುತ್ತುವ ಹಿಡಿಯ ರಾಟೆ ಹೂಡಿ ಬಂದಿದ್ದರು. ಬೆನೆದೆಕ್ ಪೀಪಾಯಿಯಂಥ ಆಳು. ಅವನು ಮೇಲೆ ನಿಂತು ರಾಟೆ ತಿರುಗಿಸುವುದು, ಸಣಕಲ ಗಾಶ್ಪಾರ್ ಹಗ್ಗ ಹಿಡಿದು ಕೆಳಗಿಳಿಯುವುದು, ಇದು ಅವರಿಬ್ಬರ ಪದ್ಧತಿ.

ಎತೆಲ್ಕಾ ಸುಟ್ಟ ಕಡ್ಡಿಯನ್ನು ಕಿತ್ತು ಬೆಂಕಿಗೆ ಹಾಕಿದಳು. ಹಿಟ್ಟು ಗುಡಿಸಲು ಇಟ್ಟುಕೊಂಡಿದ್ದ ಹೆಬ್ಬಾತಿನ ರೆಕ್ಕೆಯಿಂದ ಹೊಸದೊಂದು ಗರಿ ಎಳೆದು ಅದೇ ತೂತಿಗೆ ಸಿಕ್ಕಿಸಿದಳು. ಅಷ್ಟರಲ್ಲಿ ಕೋಳಿಗೂಡಿನಿಂದ ಅತ್ತೆ ರೊಜಾಲಿಯಾ ಒಳಗೆ ಬಂದಳು.

"ಏನೋ ಸುಟ್ಟಿದೆ," ಎಂದಳು ಮುದುಕಿ.

"ಕೋಳಿ ಪುಕ್ಕ, ಅತ್ತೆ. ಸೌದೆ ಜೊತೆ ಒಲೆಗೆ ಹೋಯ್ತು ಅನ್ಸುತ್ತೆ."

"ಗಾಳಿ ಬೀಸದೆ ಒಣಗಿದೆಲೆ ಸದ್ದು ಮಾಡಲ್ಲ," ಎಂದು ರೊಜಾಲಿಯಾ ತಟ್ಟೆಯ ಮೇಲೆ ಬಗ್ಗಿದಳು. ಮೂರು ಗರಿಗಳು ಹಳದಿ, ಒಂದು ಹಾಲಿನಷ್ಟು ಬಿಳಿ. ಅವಳ ಕಣ್ಣು ಅದರ ಮೇಲೆ ಒಂದು ಕ್ಷಣ ನಿಂತದ್ದು ಎತೆಲ್ಕಾಳಿಗೆ ಕಂಡಿತು. ಮುದುಕಿ ಅಲ್ಲಿಂದ ಸರಿದಳು. ಮಡಿಲಿನಿಂದ ಮೊಟ್ಟೆ ತೆಗೆದು ಬುಟ್ಟಿಗಿಟ್ಟಳು.

ರೊಜಾಲಿಯಾ ಏನೂ ಅನ್ನದೆ ಇರುವುದು ಅಪರೂಪ. ಸೀನಿದರೂ ಅದಕ್ಕೊಂದು ಗಾದೆ ಅವಳ ಹತ್ತಿರ ಸಿದ್ಧವಿರುತ್ತಿತ್ತು. "ನಮ್ಮಮ್ಮನ ಬಾಯಲ್ಲಿ ಹಲ್ಲಿಗಿಂತ ಗಾದೆ ಜಾಸ್ತಿ," ಎಂದು ಗಾಶ್ಪಾರ್ ನಗುತ್ತಿದ್ದ. ಮದುವೆಯಾಗಿ ಬಂದ ಹೊಸತರಲ್ಲಿ ಎತೆಲ್ಕಾಳಿಗೆ ಅವೆಲ್ಲ ಚುಚ್ಚುಮಾತು ಎನಿಸುತ್ತಿದ್ದವು. ಈಗ ಅವು ಅವಳ ತಲೆಯಲ್ಲೇ ಮನೆ ಮಾಡಿದ್ದವು, ಕರೆಯದೆಯೇ ಬರುತ್ತಿದ್ದವು. ಈಗಲೂ ಒಂದು ಬಂತು: ಹೂಜಿ ಬಾವಿಗೆ ಹೋಗುವುದು ಒಡೆಯುವವರೆಗೆ.

ಹೊರಗೆ ಗಾಶ್ಪಾರ್ ಸೌದೆ ಒಡೆಯುತ್ತಿದ್ದ. ಹೋಗಬೇಡ ಎಂದರೆ ಯಾಕೆ ಎನ್ನುತ್ತಾನೆ. ಗರಿ ಎಂದರೆ ನಗುತ್ತಾನೆ, ನಗುತ್ತಲೇ ಹಗ್ಗ ಹೆಗಲಿಗೇರಿಸುತ್ತಾನೆ. ಅವನು ನಗಲಾರದಂಥದ್ದು ಒಂದೇ ಇತ್ತು. ಹಿಂದಿನ ಚಳಿಗಾಲ ಗಂಟಲುಮಾರಿ ಬಂದು ನಮ್ಮ ಬೀದಿಯ ಇಬ್ಬರು ಮಕ್ಕಳು ಹೋಗಿದ್ದರು. ಚಿಕ್ಕ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಗಾಶ್ಪಾರ್ ಕೂಡ ಇದ್ದ. ಆಮೇಲೆ ಬಹಳ ದಿನ ಅವನು ಏಳುವಾಗೆಲ್ಲ ಮಗಳ ಕೊರಳು ಮುಟ್ಟಿ ನೋಡುತ್ತಿದ್ದ.

ಎತೆಲ್ಕಾ ಒಲೆಯ ಮೇಲಿಂದ ಬಿಸಿ ಇಟ್ಟಿಗೆಯೊಂದನ್ನು ತೆಗೆದು ಬಟ್ಟೆಯಲ್ಲಿ ಸುತ್ತಿ, ಮಲಗಿದ್ದ ವೆರೊನ್ಕಾಳ ಹೊದಿಕೆಯೊಳಗೆ ಸರಿಸಿದಳು. ಮಗು ಕಣ್ಣು ಬಿಟ್ಟಿತು.

"ಇವತ್ತೊಂದು ಆಟ ಆಡೋಣ, ಪುಟ್ಟಿ. ಹುಷಾರಿಲ್ಲದ ಆಟ. ನೀನು ಕಣ್ಣು ಮುಚ್ಕೊಂಡು ಮಲಗಿರ್ಬೇಕು. ಅಪ್ಪ ಬಂದ್ರೂ ಏಳ್ಬಾರ್ದು."

ಮಗುವಿನ ಕೆನ್ನೆ ಕೆಂಪೇರುವವರೆಗೆ ಕಾದು, ಅವಳು ಬಾಗಿಲಿಗೆ ಬಂದು ಗಂಡನನ್ನು ಕರೆದಳು. ದನಿ ನಡುಗಲೆಂದು ಪ್ರಯತ್ನಪಡಬೇಕಾಗಲಿಲ್ಲ, ತಾನಾಗಿಯೇ ನಡುಗುತ್ತಿತ್ತು.

"ಗಾಶ್ಪಾರ್, ಮಗು ಮೈ ಸುಡ್ತಿದೆ. ಗಂಟಲು ನೋವು ಅಂತಿದಾಳೆ."

ಅವನ ಕೈಯಿಂದ ಕೊಡಲಿ ಜಾರಿತು. ಒಳಗೆ ಓಡಿಬಂದು ಮಗಳ ಹಣೆ ಮುಟ್ಟಿದ, ಕೆನ್ನೆ ಮುಟ್ಟಿದ. ಹಾಸಿಗೆಯ ಪಕ್ಕದಲ್ಲಿ ಮಂಡಿಯೂರಿ ಕೂತವನು ಏಳಲಿಲ್ಲ.

"ನಾನೆಲ್ಲೂ ಹೋಗಲ್ಲ," ಎಂದ. "ಇನ್ನೂ ಏರಿದ್ರೆ ಡಾಕ್ಟರನ್ನ ಕರ್ಕೊಂಡ್ ಬರ್ತೀನಿ."

ತನ್ನ ಕೆಲಸವಾಯಿತು ಎಂದು ಎತೆಲ್ಕಾಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನ ಬೆನ್ನು ನೋಡುತ್ತ ನಿಂತವಳಿಗೆ, ಈಗಲೇ ಹೇಳಿಬಿಡಲೇ ಎನಿಸಿತು. ಅಷ್ಟರಲ್ಲಿ ಗೇಟಿನ ಬಳಿ ಸಿಳ್ಳೆ ಕೇಳಿಸಿತು. ಬೆನೆದೆಕ್ ಬಂದಿದ್ದ. ರೊಜಾಲಿಯಾ ಶಾಲು ಹೊದ್ದು ಹೊರಗೆ ಹೋದಳು. ಎತೆಲ್ಕಾ ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡಳು.

"ರೊಜಾಲಿಯಾ ಚಿಕ್ಕಮ್ಮ, ನಿಮ್ಮ ಮಗ ಇನ್ನೂ ಹಾಸಿಗೇಲೇ ಇದಾನಾ?"

"ಮಗೂಗೆ ಹುಷಾರಿಲ್ಲ. ಅವನು ಬರಲ್ಲ ಇವತ್ತು."

ಬೆನೆದೆಕ್‌ನ ನಗು ಆರಿತು. "ಅಯ್ಯೋ ದೇವರೇ. ಗಂಟಲಾ? ಸರಿ, ಅವನಲ್ಲೇ ಇರ್ಲಿ. ನಾನು ಹೋಗಿ ನೀರಾದ್ರೂ ಎತ್ತಿ ಹಾಕಿರ್ತೀನಿ, ಬಾವಿ ಬೇಗ ಸರಿಯಾಗ್ಬೇಕು, ದನಗಳು ಬಾಯಾರಿ ಕೂಗ್ತಿವೆಯಂತೆ. ಶೆಡ್‌ನಲ್ಲಿರೋ ಹಲಗೆ ಕೊಡಿ, ಹೊತ್ಕೊಂಡು ಹೋಗ್ತೀನಿ."

ಬಾವಿಯ ಗೋಡೆ ಕುಸಿಯದಂತೆ ಅಡ್ಡ ಕೊಡುವ ಗಟ್ಟಿ ಹಲಗೆಗಳು ಅವು. ಗಾಶ್ಪಾರ್‌ನ ಅಪ್ಪನ ಕಾಲದವು.

"ಇವತ್ತು ಲುಟ್ಸಾ," ಎಂದಳು ರೊಜಾಲಿಯಾ. "ಇವತ್ತು ಮನೆಯಿಂದ ಒಂದು ಕಡ್ಡೀನೂ ಆಚೆ ಹೋಗ್ಬಾರ್ದು. ಕೊಟ್ರೆ ವರ್ಷದ ಅದೃಷ್ಟ ಅದರ ಹಿಂದೇನೇ ಹೋಗುತ್ತೆ. ನಾಳೆ ಬಾ."

"ಚಿಕ್ಕಮ್ಮ, ನಾನೇನು ಅದನ್ನ ತಿಂದುಹಾಕ್ತೀನಾ?"

"ಸಾಸೇಜಿಗಿಂತ ದಿನಗಳೇ ಜಾಸ್ತಿ, ಬೆನೆದೆಕ್. ಎಲ್ಲಾ ಇವತ್ತೇ ಮುಗಿಸ್ಬೇಕಿಲ್ಲ, ಬಾವಿ ಎಲ್ಲಿಗೂ ಓಡಿಹೋಗಲ್ಲ."

"ನಿಮ್ಮ ಹತ್ರ ವಾದ ಮಾಡೋದು ಗೋಡೆಗೆ ಬಟಾಣಿ ಎಸೆದ ಹಾಗೆ," ಎಂದು ಅವನು ಮತ್ತೆ ನಕ್ಕ. ಕಿಟಕಿಯತ್ತ ಟೋಪಿ ಎತ್ತಿ ತೋರಿಸಿ, ಹಿಮದ ದಾರಿಯಲ್ಲಿ ಹೊರಟುಹೋದ. ಎತೆಲ್ಕಾ ಅವನ ಅಗಲ ಬೆನ್ನು ಪೋಪ್ಲರ್ ಮರಗಳ ಸಾಲಿನ ಕೊನೆ ತಲುಪುವವರೆಗೂ ನೋಡಿದಳು. ಕಿಟಕಿ ತೆರೆದು ಕೂಗಬಹುದಿತ್ತು. ಕೂಗಲಿಲ್ಲ.

ಆಮೇಲಿನ ಹೊತ್ತು ನಿಧಾನವಾಗಿ ಸರಿಯಿತು. ಲುಟ್ಸಾ ದಿನ ಹೆಂಗಸರು ನೂಲಬಾರದು, ಹೊಲಿಯಬಾರದು. ಕೈಗೆ ಕೆಲಸವಿಲ್ಲದೆ ಎತೆಲ್ಕಾ ಪಾತ್ರೆಗಳನ್ನು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಇಟ್ಟಳು. ಗಾಶ್ಪಾರ್ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಇಟ್ಟಿಗೆ ತಣ್ಣಗಾಗುತ್ತ ಬಂತು. ವೆರೊನ್ಕಾ ಒಂದು ಕಣ್ಣು ತೆರೆದಳು.

"ಅಪ್ಪಾ, ಈಗ ಏಳ್ಬಹುದಾ?"

"ಮಲಕ್ಕೋ ಬಂಗಾರಿ. ಗಂಟಲು ಹೇಗಿದೆ?"

"ಗಂಟಲಿಗೇನಾಗಿದೆ? ನಂಗೆ ಹಸಿವಾಗ್ತಿದೆ. ಅಮ್ಮ ಹೇಳಿದಾಳೆ, ಇದು ಹುಷಾರಿಲ್ಲದ ಆಟ ಅಂತ. ನಾನು ಚೆನ್ನಾಗಿ ಆಡಿದ್ನಾ?"

ಗಾಶ್ಪಾರ್ ಹೊದಿಕೆ ಸರಿಸಿದ. ಬಟ್ಟೆ ಸುತ್ತಿದ ಇಟ್ಟಿಗೆ ಕಂಡಿತು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅಡುಗೆಮನೆಗೆ ಬಂದ.

"ಕುಂಟನಾಯಿಗಿಂತ ಬೇಗ ಸಿಕ್ಕಿಬೀಳೋದು ಸುಳ್ಳುಗಾರ," ಎಂದಳು ರೊಜಾಲಿಯಾ ಮೂಲೆಯಿಂದ, ತಗ್ಗಿದ ದನಿಯಲ್ಲಿ. ಯಾರೂ ಅವಳತ್ತ ನೋಡಲಿಲ್ಲ.

"ನಾನು ಮಗು ಸಾಯುತ್ತೆ ಅಂದ್ಕೊಂಡೆ," ಎಂದ ಗಾಶ್ಪಾರ್. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು ಎಂದು ಎತೆಲ್ಕಾ ಆಮೇಲೆ ಎಷ್ಟೋ ಸಲ ಅಂದುಕೊಂಡಳು. "ಯಾಕೆ, ಎತೆಲ್ಕಾ?"

"ನಿನ್ನ ಗರಿ ಸುಟ್ಟುಹೋಗಿತ್ತು."

ಅವನು ಇಟ್ಟಿಗೆಯನ್ನು ಮೇಜಿನ ಮೇಲಿಟ್ಟು ಕೋಟು ಹಾಕಿಕೊಳ್ಳತೊಡಗಿದ. "ಬೆನೆದೆಕ್ ಎಲ್ಲಿ?"

"ಹೋದ," ಎಂದಳು ತಾಯಿ. "ನೀರೆತ್ತಿ ಹಾಕ್ತೀನಿ ಅಂದ. ಹಲಗೆ ಕೇಳ್ದ. ನಾನು ಕೊಡ್ಲಿಲ್ಲ."

ಕೋಟಿನ ಗುಂಡಿಯ ಮೇಲೆ ಅವನ ಬೆರಳು ನಿಂತಿತು. "ಕೊಡ್ಲಿಲ್ವಾ? ಅಮ್ಮಾ, ಅವನು ಸುಮ್ಮನೆ ಮೇಲೆ ನಿಲ್ಲೋ ಆಳಾ? ನೀರು ಖಾಲಿಯಾದ್ರೆ ಇಳಿದು ನೋಡೇ ನೋಡ್ತಾನೆ." ಉಳಿದದ್ದನ್ನು ಹೇಳಲು ಅವನು ನಿಲ್ಲಲಿಲ್ಲ. ಗೋಡೆಯ ಮೊಳೆಯಿಂದ ಹಗ್ಗ ಎಳೆದುಕೊಂಡು ಓಡಿದ. ಎತೆಲ್ಕಾ ತಲೆಗೆ ಬಟ್ಟೆಯನ್ನೂ ಕಟ್ಟದೆ ಅವನ ಹಿಂದೆ ಓಡಿದಳು.

ಅಂಬ್ರುಶ್‌ನ ಹೊಲಮನೆ ದೂರ. ಬಯಲಿನಲ್ಲಿ ಗಾಳಿಗೆ ತಡೆಯೇ ಇಲ್ಲ. ಹಿಮ ಮಂಡಿಗೆ ಬರುತ್ತಿತ್ತು. ಗಾಶ್ಪಾರ್ ಮುಂದೆ ಮುಂದೆ ಹೋಗುತ್ತಿದ್ದ, ಒಮ್ಮೆಯೂ ತಿರುಗಿ ನೋಡಲಿಲ್ಲ. ಬಾವಿಯ ಏತದ ಕೋಲು ಆಕಾಶಕ್ಕೆ ಚಾಚಿಕೊಂಡದ್ದು ಕಂಡಾಗ ಅವಳು ಅದರ ಕೆಳಗೆ ಇಬ್ಬರ ಆಕಾರಕ್ಕಾಗಿ ಹುಡುಕಿದಳು. ಒಬ್ಬನೇ ಇದ್ದ. ಮುದುಕ ಅಂಬ್ರುಶ್, ಟೋಪಿಯಿಲ್ಲದೆ, ಬಾವಿಕಟ್ಟೆಗೆ ಎದೆಯಾನಿಸಿ ಕೆಳಕ್ಕೆ ಕೂಗುತ್ತಿದ್ದ.

"ಕುಸೀತು!" ಎಂದ ಅವರನ್ನು ಕಂಡೊಡನೆ. "ಬೇಡ ಬೇಡ ಅಂದ್ರೂ ಕೇಳ್ಲಿಲ್ಲ. ಗಾಶ್ಪಾರ್ ನಾಳೆ ಬರೋ ಹೊತ್ತಿಗೆ ನೋಡಿಟ್ಟಿರ್ತೀನಿ ಅಂದ. ಒಂದು ಕಡೆ ಪೂರ್ತಿ ಬಂತು ನೋಡು..."

ಗಾಶ್ಪಾರ್ ಬಗ್ಗಿ ಕೂಗಿದ. ಕೆಳಗಿನಿಂದ ದನಿ ಬಂತು. ಸಣ್ಣಗೆ, ಆದರೆ ಬಂತು.

"ಸೊಂಟದವರೆಗೆ ಹೂತಿದೀನಿ. ಕಾಲು ಅಡೀಲಿ ಸಿಕ್ಕಿದೆ. ಮಗು ಹೇಗಿದೆ?"

ಎತೆಲ್ಕಾ ಬಾವಿಕಟ್ಟೆಯ ಕಲ್ಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಮಗು ಚೆನ್ನಾಗಿದೆ," ಎಂದ ಗಾಶ್ಪಾರ್. ಸೊಂಟಕ್ಕೆ ಹಗ್ಗ ಬಿಗಿದುಕೊಂಡ. ಮೊದಲ ಸಲ ಹೆಂಡತಿಯನ್ನು ನೋಡಿ, "ರಾಟೆ ಹಿಡಿ. ಅಂಬ್ರುಶ್ ಮಾಮನ ತೋಳಿಗೆ ಶಕ್ತಿ ಇಲ್ಲ. ನಿಧಾನ. ನಿಧಾನ ನಡೆದವನೇ ದೂರ ಮುಟ್ಟೋದು, ಕೇಳಿಸ್ತಾ?" ಎಂದ.

ಬೆಳಗಿನಿಂದ ತಡೆಯಬೇಕೆಂದು ಒದ್ದಾಡಿದ್ದನ್ನು ಈಗ ಅವಳೇ ತನ್ನ ಕೈಯಾರೆ ಮಾಡಬೇಕಾಯಿತು. ಹಿಡಿಯನ್ನು ಒಂದೊಂದೇ ಸುತ್ತು ಬಿಟ್ಟುಕೊಡುತ್ತ ಗಂಡನನ್ನು ಕತ್ತಲ ಬಾಯಿಗೆ ಇಳಿಸಿದಳು. ಮೊದಲು ಅವನ ಭುಜ ಮರೆಯಾಯಿತು, ಆಮೇಲೆ ಟೋಪಿ.

ಕೆಳಗಿನ ಸ್ಥಿತಿ ಕೆಟ್ಟದಾಗಿತ್ತು. ಬೆನೆದೆಕ್‌ನ ತಲೆಯ ಮೇಲೆ ಇಟ್ಟಿಗೆಯ ಸಾಲು ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಅಡಿಯಿಂದ ಒಂದು ಇಟ್ಟಿಗೆ ತೆಗೆದರೂ ಮೇಲಿನದೆಲ್ಲ ಇಬ್ಬರ ಮೇಲೂ ಬರುತ್ತಿತ್ತು. ಜೊತೆಗೆ, ಎತ್ತಿ ಹಾಕಿದ್ದ ನೀರು ಮತ್ತೆ ಮರಳಿನಿಂದ ಜಿನುಗಿ ಏರುತ್ತಿತ್ತು.

"ಹಲಗೆ ಬೇಕು!" ಎಂದು ಗಾಶ್ಪಾರ್ ಕೂಗಿದ. "ಹಲಗೆ ಇಲ್ದೆ ಏನನ್ನೂ ಮುಟ್ಟೋಹಾಗಿಲ್ಲ!"

ಅಂಬ್ರುಶ್ ಕೊಟ್ಟಿಗೆಯ ಬಾಗಿಲು ಕಿತ್ತು ತಂದ. ಬಾವಿಯ ಬಾಯಿಗೆ ಅದು ಅಡ್ಡಡ್ಡ ಕೂತಿತು, ಇಳಿಯಲಿಲ್ಲ. ಮುರಿಯಲು ಹೋದರೆ ಹುಳು ತಿಂದ ಮರ ಕೈಯಲ್ಲೇ ಪುಡಿಯಾಯಿತು. ಎತೆಲ್ಕಾ ಊರಿನ ದಿಕ್ಕಿಗೆ ನೋಡಿದಳು. ಹೋಗಿ ಹಲಗೆ ತರುವಷ್ಟರಲ್ಲಿ ನೀರು ಬೆನೆದೆಕ್‌ನ ಕೊರಳಿಗೆ ಬಂದಿರುತ್ತದೆ. ಇಲ್ಲೇ ನಿಂತು ಬಕೆಟ್ಟಿನಲ್ಲಿ ನೀರೆತ್ತದಿದ್ದರೆ ಇನ್ನೂ ಬೇಗ. ಅವಳು ನೀರೆತ್ತತೊಡಗಿದಳು. ಗಾಶ್ಪಾರ್ ಕೆಳಗೆ ತುಂಬುವುದು, ಅವಳು ಎಳೆಯುವುದು, ಅಂಬ್ರುಶ್ ಚೆಲ್ಲುವುದು. ಚೆಲ್ಲಿದ ನೀರು ಕಾಲಡಿಯಲ್ಲಿ ಮಂಜುಗಡ್ಡೆಯಾಯಿತು. ಅವಳು ಒಮ್ಮೆ ಜಾರಿದಳು. ಹಿಡಿ ತಪ್ಪಿ ಬಕೆಟ್ಟು ಕೆಳಗೆ ಹೋಯಿತು. ಕೆಳಗಿನಿಂದ ಸದ್ದು, ಆಮೇಲೆ ಮೌನ.

"ಗಾಶ್ಪಾರ್!"

"ಇದೀನಿ," ಎಂಬ ದನಿ ಬಂತು. "ಪಕ್ಕದಲ್ಲಿ ಬಿತ್ತು. ಎಳೀ."

ಅವಳು ಎಳೆದಳು. ಏರುವ ನೀರಿನೊಡನೆ ಅವರು ಸರಿಸಮ ಮಾತ್ರ ಇದ್ದರು, ಗೆಲ್ಲುತ್ತಿರಲಿಲ್ಲ. ಬೆನೆದೆಕ್ ಮಾತಾಡುವುದು ನಿಲ್ಲಿಸಿದ್ದ. ಗಾಶ್ಪಾರ್ ಅವನನ್ನು ಬೈಯುತ್ತಿದ್ದುದು ಮೇಲಕ್ಕೆ ಕೇಳಿಸುತ್ತಿತ್ತು. "ನಿದ್ದೆ ಮಾಡ್ಬೇಡ್ವೋ ಕೋಣ! ಕಣ್ಣು ಬಿಡು! ನಿನ್ನ ಹೆಂಡ್ತಿಗೆ ಏನಂತ ಹೇಳ್ಲಿ ನಾನು?"

ಆಗ ಅಂಬ್ರುಶ್ ಎತೆಲ್ಕಾಳ ತೋಳು ಹಿಡಿದು ದಾರಿಯತ್ತ ತೋರಿಸಿದ.

ಪೋಪ್ಲರ್ ಸಾಲಿನ ನಡುವೆ ಕಪ್ಪು ಶಾಲಿನ ಆಕಾರವೊಂದು ನೆಲಕ್ಕೆ ಬಗ್ಗಿಕೊಂಡು ಬರುತ್ತಿತ್ತು. ಅದರ ಹಿಂದೆ ಜಾರುಬಂಡಿ. ಜಾರುಬಂಡಿಯ ಮೇಲೆ ಹಲಗೆಗಳು, ಹಲಗೆಗಳ ಮೇಲೆ ಶಾಲಿನಲ್ಲಿ ಸುತ್ತಿದ ವೆರೊನ್ಕಾ. ರೊಜಾಲಿಯಾ ಹಗ್ಗವನ್ನು ಎದೆಗೆ ಅಡ್ಡ ಹಾಕಿಕೊಂಡು ಎತ್ತಿನಂತೆ ಎಳೆಯುತ್ತಿದ್ದಳು.

ಎತೆಲ್ಕಾ ಓಡಿಹೋಗಿ ಹಗ್ಗಕ್ಕೆ ಕೈಹಾಕಿದಳು. ಮುದುಕಿಯ ತುಟಿ ನೀಲಿಯಾಗಿತ್ತು.

"ಬದುಕಿದಾನಾ?"

"ಇಬ್ರೂ ಕೆಳಗಿದಾರೆ, ಅತ್ತೆ."

ರೊಜಾಲಿಯಾ ಕಣ್ಣು ಮುಚ್ಚಿ ತೆರೆದಳು. ಗಾದೆ ಯಾವುದೂ ಬರಲಿಲ್ಲ.

ಹಲಗೆಗಳನ್ನು ಒಂದೊಂದಾಗಿ ಹಗ್ಗಕ್ಕೆ ಕಟ್ಟಿ ಇಳಿಸಿದರು. ಕೆಳಗೆ ಗಾಶ್ಪಾರ್ ಅಡ್ಡ ಕೊಟ್ಟು ಸುತ್ತಿಗೆ ಹೊಡೆಯುವ ಸದ್ದು ಬರತೊಡಗಿತು. ಪ್ರತಿ ಹೊಡೆತಕ್ಕೂ ಎಲ್ಲೋ ಮರಳು ಸುರಿಯುವ ಸದ್ದು. ಆಮೇಲೆ ಇಟ್ಟಿಗೆ ತುಂಬಿದ ಬಕೆಟ್ಟುಗಳು ಮೇಲೆ ಬರತೊಡಗಿದವು. ಅತ್ತೆ ಸೊಸೆ ಇಬ್ಬರೂ ಒಂದೇ ಹಿಡಿಗೆ ಕೈಹಾಕಿ ಎಳೆದರು. ಮಗುವನ್ನು ಅಂಬ್ರುಶ್‌ನ ಹೆಂಡತಿ ಒಳಗೆ ಕರೆದೊಯ್ದಿದ್ದಳು.

"ಬಿಳೀ ಗರಿ ಅವನದೇ ತಾನೆ?" ಎಂದಳು ರೊಜಾಲಿಯಾ, ಉಸಿರಿನ ನಡುವೆ.

"ಹೂಂ. ನಿಮಗೆ ಗೊತ್ತಾಯ್ತು ಅಂತ ನಂಗೂ ಗೊತ್ತಾಯ್ತು."

"ನಿನ್ನ ಮಾವ ತೀರಿಕೊಂಡ ವರ್ಷ ಅವರ ಗರಿ ನೆಟ್ಟಗಿತ್ತು. ಒಂದು ಕಲೆ ಇರ್ಲಿಲ್ಲ. ನಾನು ವರ್ಷವೆಲ್ಲ ನಿಶ್ಚಿಂತೆಯಾಗಿದ್ದೆ. ಹುಲ್ಲಿನ ಗಾಡಿ ಹತ್ತಿದಾಗ ತಲೆಯೆತ್ತಿ ನೋಡ್ಲೂ ಇಲ್ಲ." ಹಿಡಿ ಒಂದು ಸುತ್ತು ಬಂತು. "ಬಿದ್ದ ಸದ್ದು ಕೇಳಿದಾಗ್ಲೂ ಚೀಲ ಬಿತ್ತು ಅಂದ್ಕೊಂಡೆ."

ಎತೆಲ್ಕಾ ಅವಳತ್ತ ತಿರುಗಿದಳು. "ಮತ್ತೆ ಯಾಕೆ ವರ್ಷಾ ವರ್ಷಾ ಗರಿ ಸಿಕ್ಕಿಸ್ತೀರಿ? ಹಲಗೆ ಯಾಕೆ ಕೊಡ್ಲಿಲ್ಲ?"

"ನಮ್ಮಮ್ಮ ಕೊಡ್ತಿರ್ಲಿಲ್ಲ," ಎಂದಳು ಮುದುಕಿ. ಮೇಲೆ ಬಂದ ಬಕೆಟ್ಟನ್ನು ಕಟ್ಟೆಗೆ ಎಳೆದುಕೊಂಡು, "ಬಾಯಿಗೆ ಬಂತು, ಹೇಳ್ದೆ. ಯೋಚನೆ ಮಾಡ್ಲಿಲ್ಲ. ನೀವಿಬ್ರೂ ಓಡಿಹೋದ್ಮೇಲೆ ಮಾಡ್ದೆ," ಎಂದಳು.

ಸೂರ್ಯ ಬಯಲಿನ ಅಂಚಿಗೆ ಇಳಿದಿದ್ದಾಗ ಕೆಳಗಿನಿಂದ ಕೂಗು ಬಂತು. ಬೆನೆದೆಕ್‌ನನ್ನು ಎಳೆಯುವುದೆಂದರೆ ಒಂದು ಗೂಳಿಯನ್ನು ಎಳೆದಂತೆ. ಮೂವರೂ ರಾಟೆಗೆ ಕೈಹಾಕಿದರು. ಮೊದಲು ಕಂಡದ್ದು ಅವನ ಬೂದು ಬಣ್ಣದ ಮುಖ, ಆಮೇಲೆ ತಿರುಚಿಕೊಂಡ ಕಾಲು. ಅವನನ್ನು ಜಾರುಬಂಡಿಯ ಮೇಲೆ ಮಲಗಿಸುವಾಗ ನರಳಿದ. ಆ ನರಳಾಟ ಕೇಳಿ ಅಂಬ್ರುಶ್ ಅಳತೊಡಗಿದ. ನರಳುವವನು ಬದುಕಿದ್ದಾನೆ.

ಹಗ್ಗ ಮತ್ತೆ ಕೆಳಗಿಳಿಯಿತು. ಅದು ಬಿಗಿಯುವವರೆಗಿನ ಹೊತ್ತು ಎತೆಲ್ಕಾಳ ಪಾಲಿಗೆ ಇಡೀ ದಿನದಲ್ಲೇ ಉದ್ದವಾದದ್ದು. ಕೆಳಗೆ ಒಂದು ಹಲಗೆ ಕರಕರ ಎಂದಿತು. "ಈಗ!" ಎಂದು ಗಾಶ್ಪಾರ್ ಕೂಗಿದ. ಅವಳು ತಿರುಗಿಸಿದಳು. ನಿಧಾನ ಎಂದು ಅವನೇ ಹೇಳಿದ್ದ, ಆದರೆ ಅವಳ ಕೈ ಕೇಳಲಿಲ್ಲ. ಅವನು ಕಟ್ಟೆಗೆ ಮೊಣಕೈ ಊರಿದ ಸ್ವಲ್ಪ ಹೊತ್ತಿಗೆ ಕೆಳಗೆ ಎಲ್ಲವೂ ಒಮ್ಮೆಲೇ ಕುಸಿದು, ನೀರು ಧಡ್ ಎಂದಿತು.

ಅವಳು ಅವನನ್ನು ಮುಟ್ಟಲು ಹೋದಳು. ಅವನು ಅವಳನ್ನು ದಾಟಿ ಹೋಗಿ ಜಾರುಬಂಡಿಯ ಹಗ್ಗ ಎತ್ತಿಕೊಂಡ.

ಬೆನೆದೆಕ್‌ನನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ಕಾಲು ಉಳಿಯಿತು, ಮಂಡಿ ಮಡಚುವುದು ಮಾತ್ರ ಮುಗಿದುಹೋಯಿತು. ಗಾಶ್ಪಾರ್ ಹೆಂಡತಿಯೊಡನೆ ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟು ಮಾತ್ರ ಮಾತಾಡುತ್ತಿದ್ದ. ಒಂದು ದಿನ ಅವಳೇ ಕೇಳಿದಳು, "ತೆರೇಜ್‌ಗೆ ಹೇಳಿದೀಯಾ?" ತೆರೇಜ್ ಬೆನೆದೆಕ್‌ನ ಹೆಂಡತಿ. ಎತೆಲ್ಕಾಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು.

"ಅದು ನಾನು ಹೇಳೋದಲ್ಲ," ಎಂದ.

ಕ್ರಿಸ್‌ಮಸ್‌ಗೆ ಮುಂಚೆಯೇ ಅವಳು ಹೋದಳು. ತೆರೇಜ್ ಅಡುಗೆಮನೆಯಲ್ಲಿ ಕೈಯಂತ್ರದಿಂದ ಗಸಗಸೆ ಅರೆಯುತ್ತಿದ್ದಳು. ಎತೆಲ್ಕಾ ನಿಂತೇ ಎಲ್ಲವನ್ನೂ ಹೇಳಿದಳು: ಗರಿ, ಬಿಸಿ ಇಟ್ಟಿಗೆ, ಕಿಟಕಿ. ತೆರೇಜ್‌ಳ ಕೈ ಯಂತ್ರದ ಹಿಡಿಯ ಮೇಲೆಯೇ ಇತ್ತು.

"ಮಗು ಸಾಯುತ್ತೇನೋ ಅಂತ ಬೆನೆದೆಕ್ ಆಸ್ಪತ್ರೇಲಿ ಜ್ವರದ ಮಂಪರಲ್ಲೂ ಕೇಳ್ತಿದ್ದ," ಎಂದಳು ಕೊನೆಗೆ.

"ನಂಗೆ ಭಯ ಆಯ್ತು, ತೆರೇಜ್. ಗಾಶ್ಪಾರ್ ಒಬ್ಬನೇ ಕಣ್ಮುಂದೆ ಇದ್ದ."

"ಭಯ ಯಾರಿಗಾಗಲ್ಲ? ನಂಗೆ ಹೇಳಿದ್ರೆ ನಾನು ನಗ್ತಿದ್ನಾ? ಇಬ್ರೂ ಗಂಡಸ್ರನ್ನ ಮನೇಲೇ ಕೂರಿಸ್ಕೊಳ್ತಿದ್ವಿ. ಅವರ ಕಾಲಿಗೆ ಬೀಳ್ತಿದ್ವಿ, ಬೂಟು ಬಚ್ಚಿಡ್ತಿದ್ವಿ. ನೀನು ನಿನ್ನವನನ್ನ ಮಾತ್ರ ಒಳಗೆ ಎಳ್ಕೊಂಡು ಬಾಗಿಲು ಹಾಕ್ಕೊಂಡೆ." ಅವಳು ಮತ್ತೆ ಅರೆಯತೊಡಗಿದಳು. "ಈಗ ಹೋಗು. ಅಳ್ಬೇಡ ಇಲ್ಲಿ."

ಎತೆಲ್ಕಾ ಹೋದಳು. ಆದರೆ ಮರುದಿನ ಬೆಳಿಗ್ಗೆ ತೆರೇಜ್‌ಳ ಕೊಟ್ಟಿಗೆಗೆ ಬಂದು ಹಸು ಕರೆದು, ಹಾಲಿನ ಪಾತ್ರೆಯನ್ನು ಬಾಗಿಲಲ್ಲಿಟ್ಟು ಮಾತಾಡದೆ ವಾಪಸಾದಳು. ಅದರ ಮರುದಿನವೂ ಬಂದಳು. ತೆರೇಜ್ ಬಾ ಎನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಬೆನೆದೆಕ್ ಊರುಗೋಲಿನೊಡನೆ ಮನೆಗೆ ಬಂದ ಮೇಲೆ ಕಿಟಕಿಯಿಂದ ಅವಳಿಗೆ ಕೈಬೀಸುತ್ತಿದ್ದ. ಗೋಡೆ ಕುಸಿದದ್ದು ತನ್ನ ಕೊಬ್ಬಿನಿಂದ, ಇನ್ಯಾರಿಂದಲೂ ಅಲ್ಲ ಎಂದು ಅವನು ಹೆಂಡದಂಗಡಿಯಲ್ಲಿ ಎಲ್ಲರೆದುರು ಹೇಳಿದ. ಅದನ್ನು ಹೇಳಲು ಅವನಿಗೆ ಹಕ್ಕಿತ್ತು. ತೆರೇಜ್‌ಳ ಪರವಾಗಿ ಕ್ಷಮಿಸಲು ಇರಲಿಲ್ಲ.

ಒಂದು ಸಂಜೆ ಗಾಶ್ಪಾರ್ ಊಟ ಮಾಡುತ್ತಾ ತಟ್ಟೆಯಿಂದ ತಲೆಯೆತ್ತದೆ, "ಅವರ ಹಸು ಹಾಲು ಕಮ್ಮಿ ಮಾಡಿದೆಯಂತೆ. ನಿನ್ನ ಕೈ ಅದಕ್ಕೆ ಹೊಸದು," ಎಂದ. ಎಷ್ಟೋ ವಾರಗಳ ನಂತರ ಅಷ್ಟುದ್ದ ಮಾತು. ಎತೆಲ್ಕಾ ಹೂಂ ಎಂದು ಅವನ ತಟ್ಟೆಗೆ ಇನ್ನೊಂದು ತುಂಡು ರೊಟ್ಟಿ ಹಾಕಿದಳು.

ಜನವರಿಯ ಕೊನೆಗೆ ತೆರೇಜ್ ಮನೆಯಲ್ಲಿ ಹಂದಿ ಕಡಿದರು. ಎತೆಲ್ಕಾಳನ್ನು ಕರೆದಿರಲಿಲ್ಲ. ಅವಳು ಹೋದಳು, ಅಂಗಳದ ಮೂಲೆಯಲ್ಲಿ ಯಾರಿಗೂ ಬೇಡದ ಕೆಲಸ ಹಿಡಿದಳು: ತಣ್ಣೀರಿನಲ್ಲಿ ಕರುಳು ತೊಳೆಯುವುದು. ಸಂಜೆ ಬೆರಳುಗಳು ಕೆಂಪಾಗಿ ಊದಿದ್ದವು. ಯಾರಿಗೂ ಹೇಳದೆ ಮನೆಗೆ ಬಂದಳು.

ನಮ್ಮೂರಿನಲ್ಲಿ ಹಂದಿ ಕಡಿದ ಮನೆಯವರು ಬೇಕಾದವರಿಗೆಲ್ಲ ಒಂದೊಂದು ತಟ್ಟೆ ರುಚಿಗೆ ಕಳಿಸುತ್ತಾರೆ. ಯಾರಿಗೆ ತಟ್ಟೆ ಹೋಯಿತು, ಯಾರಿಗೆ ಹೋಗಲಿಲ್ಲ ಎಂಬುದನ್ನು ಇಡೀ ಬೀದಿ ನೋಡುತ್ತಿರುತ್ತದೆ. ಮರುದಿನ ಮಧ್ಯಾಹ್ನ ಎತೆಲ್ಕಾ ಕಿಟಕಿಯ ಬಳಿ ಹೋಗಬಾರದೆಂದುಕೊಂಡೇ ನಾಲ್ಕಾರು ಸಲ ಹೋದಳು. ತಟ್ಟೆಗಳು ಎದುರು ಮನೆಗೆ ಹೋದವು, ಪಕ್ಕದ ಮನೆಗೆ ಹೋದವು. ರೊಜಾಲಿಯಾ ಎಲ್ಲವನ್ನೂ ನೋಡುತ್ತ, ಬಾಯಿ ಬಿಗಿಹಿಡಿದು, ಆಲೂಗಡ್ಡೆ ಸುಲಿಯುತ್ತಿದ್ದಳು.

ಗೇಟು ಸದ್ದಾಯಿತು. ತೆರೇಜ್ ತಾನೇ ಬಂದಿದ್ದಳು. ಒಳಗೆ ಬರಲಿಲ್ಲ, ಬಟ್ಟೆ ಮುಚ್ಚಿದ ತಟ್ಟೆಯನ್ನು ಗೇಟಿನ ಮೇಲಿಂದ ಚಾಚಿದಳು.

"ಸಾಸೇಜಿಗೆ ಉಪ್ಪು ಜಾಸ್ತಿ ಆಗಿದೆ ಅಂತಾನೆ ಬೆನೆದೆಕ್. ತಿಂದು ಹೇಳು."

ಎತೆಲ್ಕಾ ಅಲ್ಲೇ ನಿಂತು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ತೆರೇಜ್ ಅವಳ ಊದಿದ ಬೆರಳುಗಳನ್ನು ನೋಡುತ್ತಿದ್ದಳು.

"ಜಾಸ್ತೀನೇ ಆಗಿದೆ," ಎಂದಳು ಎತೆಲ್ಕಾ.

"ಹಾಗಾದ್ರೆ ಅವನ ನಾಲಿಗೆ ಸರಿಯಾಗೇ ಇದೆ," ಎಂದು ತೆರೇಜ್ ಶಾಲು ಬಿಗಿದುಕೊಂಡಳು. ಎರಡು ಹೆಜ್ಜೆ ಹೋದವಳು ತಿರುಗಿ, "ನಾಳೆ ಹಸು ಕರೆಯೋಕೆ ಬರೋವಾಗ ತಟ್ಟೆ ತಗೊಂಡ್ ಬಾ," ಎಂದಳು.